ಕೆಂಪು ವೈರಿಗೆ ಕಟ್ಟಿದ ಕಾಸು

ಆ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮೂರು ಜನ ಇದ್ದೆವು. ಒಲೆಯ ಮುಂದೆ ನನ್ನ ಹೆಂಡತಿ ಸುಶೀಲ. ಕುರ್ಚಿ ಹಾಕಿಕೊಟ್ಟರೂ ಬೇಡವೆಂದು ನೆಲದ ಮೇಲೆ ಕಾಲು ಚಾಚಿ ಕೂತು, ಸೊಪ್ಪು ಬಿಡಿಸುತ್ತಿದ್ದ ನಮ್ಮ ಚಿಕ್ಕಮ್ಮ, ಅವ್ವನ ತಂಗಿ. ಸಿಂಕಿನ ಪಕ್ಕದ ಕಲ್ಲಿನ ಮೇಲೆ ಖಾಲಿ ಐಸ್‌ಕ್ರೀಂ ಡಬ್ಬಿ, ಹಳೇ ಮೊಬೈಲ್ ಚಾರ್ಜರು, ಒಂದು ಸ್ಟೀಲ್ ಚಮಚ ಇಟ್ಟುಕೊಂಡು ನಿಂತಿದ್ದ ನಾನು. ನಾಲ್ಕನೆಯವರಾಗಿ ನಮ್ಮ ಅವ್ವನೂ ಇದ್ದಳು ಎಂದರೆ ತಪ್ಪಾಗಲಾರದು. ಅವಳು ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು, ಆದರೆ ಆ ದಿನ ನಾವು ಮೂವರೂ ಸೇರಿ ಮಾಡಿದ ಕೆಲಸವೆಲ್ಲ ಅವಳ ಕಾಸಿನ ಸುತ್ತಲೇ.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನಿವೃತ್ತರಾದ ಮೇಲೆ ಕೆಲವು ಗಂಡಸರಿಗೆ ವಾಕಿಂಗ್ ಹಿಡಿಯುತ್ತದೆ, ಕೆಲವರಿಗೆ ದೇವರು ಹಿಡಿಯುತ್ತಾನೆ. ನನಗೆ ಹಿಡಿದದ್ದು ತೊಳೆಯುವುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಸೀಮೆಸುಣ್ಣದ ಪುಡಿಯಲ್ಲೇ ಬದುಕಿದವನಿಗೆ ಕೈ ಸುಮ್ಮನಿರಲಿಲ್ಲವೋ ಏನೋ. ಮೊದಲ ತಿಂಗಳು ನಲ್ಲಿಗಳನ್ನು ಉಜ್ಜಿದೆ. ಎರಡನೇ ತಿಂಗಳು ಗೇಟಿನ ಚಿಲಕ, ಬಾಗಿಲ ತಿರುಗಣೆ. ಆಮೇಲೆ ಸ್ಕೂಟರಿನ ಸೈಲೆನ್ಸರು. ಪಕ್ಕದ ಮನೆಯವರ ಮಗ್ಗದ ಶೆಡ್ಡಿಗೆ ಹೋಗಿ, ಅವರು ಕರೆಯದೆಯೇ, ಮೋಟರಿನ ಮೇಲಿನ ಹೆಸರಿನ ತಗಡನ್ನು ಫಳಫಳ ಹೊಳೆಸಿ ಬಂದೆ. ಅವರು ಪಾಪ ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ಶೆಡ್ಡಿನ ಬಾಗಿಲು ಮಾತ್ರ ಒಳಗಿನಿಂದ ಚಿಲಕ ಬಿದ್ದಿರುತ್ತಿತ್ತು. ಸುಶೀಲ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮನೇವ್ರ ಹತ್ರ ಸುಮ್ನೆ ಕೂತ್ಕೋಬೇಡಿ, ನಿಮ್ಮನ್ನೂ ಉಜ್ಜಿಬಿಟ್ಟಾರು."

ಹೀಗಿರುವಾಗ ನಮ್ಮಕ್ಕ ಲಕ್ಷ್ಮಕ್ಕ ಒಂದು ದಿನ ಆವತಿಯಿಂದ ಬಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಮನೆಗೆ ತವರಿನ ಕಳೆ ಬಂದಿದೆ. ಅಕ್ಕ ಆ ಕಡೆಯಿಂದ, ಚಿಕ್ಕಮ್ಮ ಸಾಸಲು ಕಡೆಯಿಂದ ಮನಸ್ಸು ಬಂದಾಗ ಹತ್ತಿ ಕೂತುಬಿಡುತ್ತಾರೆ. ಅಕ್ಕ ಕಾಫಿ ಕುಡಿಯುತ್ತ, ಮಾತಿನ ನಡುವೆ, ಸೊಂಟದಿಂದ ಚಿಕ್ಕ ಚೀಲ ತೆಗೆದು ಅದರೊಳಗಿಂದ ಒಂದು ತೂತು ಕಾಸು ಹೊರಗಿಟ್ಟಳು.

"ನೋಡೋ ನಂಜುಂಡ, ಅವ್ವನ ಕಾಸು ಹೆಂಗಾಗೋಗದೆ. ಹೋದ್ ಸಲ ಗೌರಿ ಹಬ್ಬಕ್ಕೆ ಇದ್ರಲ್ಲಿ ಬೊಟ್ಟು ಇಟ್ಕೊಂಡ್ರೆ ಹಣೆ ಎಲ್ಲಾ ಹಸ್ರು ಹಸ್ರು. ಎರಡು ದಿನ ನವೆ."

ತೂತು ಕಾಸು ಕಂಡಿರದವರಿಗಾಗಿ ಹೇಳುತ್ತೇನೆ. ನಮಗೆ ಸ್ವಾತಂತ್ರ್ಯ ಬರುವ ಹೊತ್ತಿನಲ್ಲಿ ಚಲಾವಣೆಯಲ್ಲಿದ್ದ ಕಂಚಿನ ಪುಟ್ಟ ನಾಣ್ಯ ಅದು, ನಡುವೆ ಉಂಗುರದ ಹಾಗೆ ತೂತು. ಅಂಗಡಿಯಲ್ಲಿ ಅದರ ಬೆಲೆ ಹೋದ ಮೇಲೆ ನಮ್ಮ ಕಡೆಯ ಹೆಂಗಸರು ಅದನ್ನು ಕನ್ನಡಿಯ ಪಕ್ಕಕ್ಕೆ ತಂದರು. ಹಣೆಗೆ ಚೂರು ಮೇಣ, ಮೇಣದ ಮೇಲೆ ಕಾಸು, ಕಾಸಿನ ತೂತಿನೊಳಗೆ ಬೆರಳ ತುದಿಯಿಂದ ಒತ್ತಿದ ಕುಂಕುಮ. ಕಾಸು ಎತ್ತಿದರೆ ಕೈವಾರದಲ್ಲಿ ಬರೆದಂಥ ದುಂಡು ಬೊಟ್ಟು. ನಮ್ಮವ್ವ ಜೀವಮಾನವಿಡೀ ಇಟ್ಟುಕೊಂಡದ್ದು ಈ ಒಂದೇ ಕಾಸಿನಿಂದ. ಅವಳು ಹೋದ ಮೇಲೆ ಕಾಸು ಅಕ್ಕನ ಪಾಲಿಗೆ ಬಂತು, ಬರಬೇಕಾದ್ದೇ. ನನ್ನ ಹಣೆಯಲ್ಲಿ ಅದಕ್ಕೇನು ಕೆಲಸ? ಆದರೂ ಅವ್ವನ ತಿಥಿ ಮುಗಿಸಿ ಅಕ್ಕ ಕಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಾಗ, ಮೀಸೆ ಬಂದ ಗಂಡಸು ನಾನು, ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಮೂಗು ಒರೆಸಿಕೊಂಡಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅತ್ತದ್ದು ಯಾಕೆಂದರೆ, ನನ್ನ ಹತ್ತಿರ ಅವ್ವನದು ಅಂತ ಇರುವುದು ಒಂದೇ ಫೋಟೋ. ಯಾರದೋ ಮದುವೆಯಲ್ಲಿ ತೆಗೆದದ್ದು, ಕಪ್ಪು ಬಿಳುಪು. ಅದಕ್ಕೆ ಕಟ್ಟು ಹಾಕಿಸಿದ್ದೇವೆ. ಸುಶೀಲ ಪ್ರತಿ ಶುಕ್ರವಾರ ಭಕ್ತಿಯಿಂದ ಗಾಜಿನ ಮೇಲೆ ಕುಂಕುಮ ಇಟ್ಟು ಇಟ್ಟು, ಅದರ ಕೆಳಗಿದ್ದ ಅಸಲಿ ಬೊಟ್ಟು ಈಗ ಕಾಣುವುದಿಲ್ಲ. ಒರೆಸು ಎನ್ನಲು ನನಗೆ ಬಾಯಿಲ್ಲ. ಅವ್ವನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಮೊದಲು ಮೂಡುವುದು ಆ ಬೊಟ್ಟೇ. ಅದರ ಸುತ್ತ ನಿಧಾನವಾಗಿ ಹುಬ್ಬು, ಕಣ್ಣು, ಒಲೆಯ ಮುಂದೆ ಮಣಿಕಟ್ಟಿನಿಂದ ಹಣೆ ಒರೆಸಿಕೊಳ್ಳುವ ಕೈ ಬರುತ್ತವೆ. ಈಚೆಗೆ ಬೊಟ್ಟು ಎಷ್ಟು ದೊಡ್ಡದಿತ್ತು ಎನ್ನುವುದೇ ಅನುಮಾನವಾಗಿ, ಉಳಿದದ್ದೂ ಸರಿಯಾಗಿ ಬರುತ್ತಿರಲಿಲ್ಲ. ಆ ಅಳತೆ ಲೋಕದಲ್ಲಿ ಉಳಿದಿದ್ದದ್ದು ಒಂದೇ ಕಡೆ, ಆ ಕಾಸಿನ ತೂತಿನಲ್ಲಿ.

"ಇಲ್ಲೇ ಬಿಟ್ಟೋಗಕ್ಕ, ಹಬ್ಬದೊಳಗೆ ಹೊಸದರ ಹಂಗೆ ಮಾಡಿಕೊಡ್ತೀನಿ" ಎಂದೆ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾನು ಸೈನ್ಸ್ ಮೇಷ್ಟ್ರು ಕಣಕ್ಕ."

"ಅದಕ್ಕೇ ಕೇಳಿದ್ದು" ಎಂದಳು ಅಕ್ಕ. ಆದರೂ ಬಿಟ್ಟುಹೋದಳು.

ನಿಜ ಹೇಳಬೇಕೆಂದರೆ ಕಿಲುಬು ನನಗೆ ನೆಪ. ಕೆಲವು ದಿನ ಕಾಸು ನನ್ನ ಮನೆಯಲ್ಲಿರಲಿ ಎನ್ನುವುದೇ ಆಸೆ. ಜೊತೆಗೊಂದು ಗುಟ್ಟಿನ ಲೆಕ್ಕಾಚಾರವೂ ಇತ್ತು. ಕಾಸನ್ನು ಬಿಳಿ ಹಾಳೆಯ ಮೇಲಿಟ್ಟು, ತೂತಿನೊಳಗೆ ಪೆನ್ಸಿಲ್ ಆಡಿಸಿ, ಆ ದುಂಡನ್ನು ಬರೆದಿಟ್ಟುಕೊಳ್ಳುವುದು. ಆಗ ಅಕ್ಕನಿಗೆ ಕಾಸು, ನನಗೆ ಅಳತೆ. ಕೊಟ್ಟ ದಿನವೇ ಹಾಳೆ, ಪೆನ್ಸಿಲ್ ತೆಗೆದೆ. ಆದರೆ ತೂತಿನ ಒಳಗೆಲ್ಲ ಹಸಿರು ಕಿಲುಬು, ಹಳೇ ಮೇಣ, ಗಟ್ಟಿಯಾದ ಕುಂಕುಮ. ಮೂವತ್ತು ವರ್ಷ ಮಕ್ಕಳಿಗೆ ಅಳತೆ ನಿಖರವಾಗಿರಬೇಕು ಎಂದು ಬೈದವನು ನಾನು. ಮೊದಲು ತೊಳೆದುಬಿಡೋಣ, ಆಮೇಲೆ ಬರೆದರಾಯಿತು ಎಂದುಕೊಂಡೆ.

"ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಆಯ್ತಲ್ರೀ" ಎಂದಳು ಸುಶೀಲ. ತಾಮ್ರದ ಚೊಂಬು, ಹಿತ್ತಾಳೆ ದೀಪ ಎಲ್ಲ ಅವಳು ಬೆಳಗುವುದು ಹಾಗೆಯೇ. ಆದರೆ ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿಬಿಟ್ಟಿದ್ದೆ. ಯಾವನೋ ದೂರದೇಶದವನು ಮಣ್ಣಿನಲ್ಲಿ ಸಿಕ್ಕ ನಾಣ್ಯಗಳನ್ನು ಸೋಡಾ ನೀರಿಗೆ ಇಳಿಬಿಟ್ಟು ಕರೆಂಟು ಕೊಡುತ್ತಾನೆ, ಗುಳ್ಳೆ ಏಳುತ್ತದೆ, ತುಕ್ಕು ಸಿಪ್ಪೆಯ ಹಾಗೆ ಕಳಚಿ ಬೀಳುತ್ತದೆ. ವಿದ್ಯುದ್ವಿಭಜನೆ. ಈ ಮಾತನ್ನು ನಾನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬೀಕರಿನ ಚಿತ್ರ, ಅದರೊಳಗೆ ಎರಡು ಕಡ್ಡಿ, ಗುಳ್ಳೆಗಳಿಗೆ ಸೊನ್ನೆ ಸೊನ್ನೆ. ಗುಳ್ಳೆ ಬರೆಯುವುದರಲ್ಲಿ ನಾನು ಪಳಗಿದ ಕೈ. ಆದರೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಬೀಕರಿದ್ದಾಗ ಬ್ಯಾಟರಿ ಇರಲಿಲ್ಲ, ಬ್ಯಾಟರಿ ಬಂದಾಗ ಬೀಕರು ಒಡೆದಿತ್ತು. ಹಾಗಾಗಿ ಒಂದು ಗುಳ್ಳೆಯನ್ನೂ ನಾನು ಕಣ್ಣಾರೆ ಎಬ್ಬಿಸಿರಲಿಲ್ಲ. ಹುಣಸೆಹಣ್ಣಿನ ಮಾತು ನನ್ನ ಕಿವಿಗೆ ಬೀಳುವುದು ಸಾಧ್ಯವೇ?

ಇಲ್ಲಿ ಇನ್ನೊಂದು ನೆನಪು ಬಂತು. ರಾಜಘಟ್ಟದಲ್ಲಿ ನೆಲ ಅಗೆದು ಹಳೆಯ ಕಾಲದ ಕುರುಹು ಹುಡುಕುತ್ತಿದ್ದಾಗ ನಾನು ಸೈಕಲ್ ತುಳಿದುಕೊಂಡು ನೋಡಲು ಹೋಗಿದ್ದೆ. ಒಬ್ಬರು ಗುಳಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಗಲದ ಮಣ್ಣಿನ ಚೂರೊಂದನ್ನು ಬಣ್ಣ ಬಳಿಯುವ ಕುಂಚದಿಂದ ಮುಟ್ಟಿಯೂ ಮುಟ್ಟದಂತೆ ಸವರುತ್ತಿದ್ದರು. ಅರ್ಧ ಗಂಟೆ ನಿಂತೆ, ಅರ್ಧ ಬೆರಳಿನಷ್ಟೂ ಮುಂದುವರಿಯಲಿಲ್ಲ. ನನಗೆ ತಡೆಯಲಾಗದೆ, "ಒಂದು ಚೊಂಬು ನೀರು ತರಲಾ ಸಾರ್?" ಎಂದೆ. ಅವರು ತಲೆ ಎತ್ತಿ, "ಮೇಷ್ಟ್ರಾ ನೀವು?" ಎಂದರು. ಹೌದೆಂದೆ. ಅಷ್ಟೇ, ಮತ್ತೆ ತಲೆ ತಗ್ಗಿಸಿದರು. ಅವರು ಹೇಳದೆ ಉಳಿಸಿದ ಮಾತೇನು ಎನ್ನುವುದು ನನಗೆ ತಿಳಿದದ್ದು ಆ ಭಾನುವಾರ.

ಡಬ್ಬಿಗೆ ನೀರು ಹಾಕಿದೆ, ಬಟ್ಟೆ ಸೋಡಾ ಹಾಕಿದೆ, ಕರೆಂಟು ಚೆನ್ನಾಗಿ ಹರಿಯಲಿ ಎಂದು ವಿಡಿಯೋದವನು ಹೇಳದಿದ್ದರೂ ಒಂದು ಹಿಡಿ ಉಪ್ಪು ಸೇರಿಸಿದೆ. ಚಾರ್ಜರಿನ ತಂತಿ ಕತ್ತರಿಸಿ ಸಿಪ್ಪೆ ಸುಲಿದಾಗ ಒಳಗೆ ಎರಡು ವೈರು, ಒಂದು ಕೆಂಪು, ಒಂದು ಕಪ್ಪು. ಕೆಂಪು ಪ್ಲಸ್, ಕಪ್ಪು ಮೈನಸ್. ತೊಳೆಯಬೇಕಾದದ್ದು ಮೈನಸ್ಸಿಗೆ, ಇದನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಪ್ಪು ವೈರನ್ನು ಕಾಸಿನ ತೂತಿಗೆ ಪೋಣಿಸುತ್ತಿದ್ದೆ.

"ಲೋ ನಂಜುಂಡ, ಏನ್ ಮಾಡ್ತಿದ್ದೀಯೋ?" ಚಿಕ್ಕಮ್ಮ ಸೊಪ್ಪು ಕೆಳಗಿಟ್ಟಳು.

"ವೈರ್ ಕಟ್ತಿದ್ದೀನಿ ಚಿಕ್ಕಮ್ಮ."

"ಮುತ್ತೈದೆ ಕಾಸಿಗೆ ಕರೀದು ಕಟ್ತಾರೇನೋ? ನಮ್ಮಕ್ಕ ಅರಿಶಿನ ಕುಂಕುಮದಾಗೆ ಹೋದೋಳು. ಬಿಚ್ಚು, ಬಿಚ್ಚು ಮೊದ್ಲು."

"ಇದು ದಾರ ಅಲ್ಲ ಚಿಕ್ಕಮ್ಮ, ಕರೆಂಟಿಂದು. ಕಪ್ಪಿಗೇ ಕಟ್ಟಬೇಕು."

"ಆ ಕೆಂಪ್ದು ಏನದು, ಅದ್ರಾಗೆ ಬರಾಕಿಲ್ವಾ ಕರೆಂಟು?"

"ಬರುತ್ತೆ."

"ಬರ್ತದೆ ಅಂದ್ಮೇಲೆ ಅದನ್ನೇ ಕಟ್ಟು. ಕರೀದು ನಿನ್ ಚಮಚಕ್ಕೆ ಕಟ್ಕೋ, ಯಾರ್ ಬ್ಯಾಡ ಅಂತಾರೆ."

ನಾನು ಸುಶೀಲಳ ಮುಖ ನೋಡಿದೆ. ಅವಳು ಒಗ್ಗರಣೆಯ ಕಡೆ ತಿರುಗಿಕೊಂಡು, "ದೊಡ್ಡೋರು ಹೇಳಿದ್ ಕೇಳಿ" ಎಂದಳು. ಎಂಬತ್ತು ದಾಟಿದ ಚಿಕ್ಕಮ್ಮನಿಗೆ ಆನೋಡು, ಕ್ಯಾಥೋಡು ವಿವರಿಸುವುದಕ್ಕಿಂತ ಸುಲಭದ ಉಪಾಯ ಹೊಳೆಯಿತು. ಈಗ ಕೆಂಪಿಗೇ ಕಟ್ಟಿಬಿಡುವುದು, ಚಿಕ್ಕಮ್ಮ ಆ ಕಡೆ ತಿರುಗಿದ ಕೂಡಲೇ ಬದಲಾಯಿಸುವುದು. ಎರಡು ನಿಮಿಷದಲ್ಲಿ ಏನಾದೀತು? ಕಾಸಿಗೆ ಕೆಂಪು, ಚಮಚಕ್ಕೆ ಕಪ್ಪು ಕಟ್ಟಿ ಸ್ವಿಚ್ ಹಾಕಿದೆ.

ಗುಳ್ಳೆ ಎದ್ದವು. ಚಮಚದ ಸುತ್ತ, ಸಾಸಿವೆಗಿಂತ ಸಣ್ಣವು, ಸಾಲುಸಾಲಾಗಿ. ನಾನು ಮೂವತ್ತು ವರ್ಷ ಸುಳ್ಳು ಬರೆದಿದ್ದೆ, ನನ್ನ ಸೊನ್ನೆಗಳು ತೀರ ದೊಡ್ಡವಾಗಿದ್ದವು. ಸುಶೀಲ ಒಲೆ ಸಣ್ಣ ಮಾಡಿ ಬಂದು ನೋಡಿದಳು. ಚಿಕ್ಕಮ್ಮ ಗೋಡೆ ಹಿಡಿದು ಎದ್ದು ಬಂದಳು. ಕಾಸಿನಿಂದ ತೆಳ್ಳಗೆ ಹಸಿರು ನೀಲಿ ಹೊಗೆಯಂಥದು ನೀರಿನಲ್ಲಿ ಇಳಿಯತೊಡಗಿತು.

"ಕೊಳೆ ಬಿಡ್ತದೆ ನೋಡು, ಎಷ್ಟು ವರ್ಷದ್ದೋ" ಎಂದಳು ಚಿಕ್ಕಮ್ಮ. ಹಾಗೆಂದವಳು ಆ ಕಡೆ ತಿರುಗಲಿಲ್ಲ. ಡಬ್ಬಿಯ ಮುಂದೆಯೇ ಕುರ್ಚಿ ಎಳೆಸಿಕೊಂಡು ಕೂತಳು.

"ಈ ಕಾಸು ಮೊದ್ಲು ನಮ್ಮಿಬ್ರದೂ ಕಣೋ. ನಮ್ಮಪ್ಪ ನಮ್ಮಿಬ್ರಿಗೂ ಸೇರಿ ಒಂದೇ ಕೊಟ್ಟಿದ್ದು. ದಿನಾ ಬೆಳಗ್ಗೆ ಜಗಳ. ನಿಮ್ಮವ್ವ ಎತ್ತರ ಇದ್ಲಲ್ಲ, ಗೋಡೆ ಮಾಡದ ಮೇಲ್ಗಡೆ ಇಟ್ಬಿಡೋಳು. ನಾನು ಒರಳಕಲ್ ಹತ್ತಿ ತಕ್ಕಣೋದು. ಅವಳ ಮದುವೆ ಆಯ್ತು, ಗಾಡಿ ಹತ್ತಿದ್ಲು. ನಾನು ಹಟ್ಟಿ ಮುಂದೆ ಬಿದ್ದು ಹೊರಳಾಡಿ ಅತ್ತೆ. ಎಲ್ರೂ ಅಕ್ಕನ್ ಮೇಲೆ ಎಷ್ಟ್ ಪ್ರೀತಿ ನೋಡು ಮಗೀಗೆ ಅಂದ್ರು. ನಾನತ್ತಿದ್ದು ಕಾಸು ಹೋಯ್ತಲ್ಲಾ ಅಂತ."

ಸುಶೀಲ ನಕ್ಕಳು. ನಾನೂ ನಕ್ಕೆ.

"ಅವಳಿಗೆ ಗೊತ್ತಿತ್ತು. ತವರಿಗೆ ಬಂದಾಗೆಲ್ಲ ಬಸ್ ಇಳಿದೋಳು ಕಾಲು ತೊಳಿಯಾಕೆ ಮುಂಚೆ ನನ್ ಕರೆಯೋಳು. ಬಾರೇ ಇಲ್ಲಿ ಅಂತ. ಸೊಂಟದಿಂದ ಕಾಸು ತೆಗೆದು, ಅಲ್ಲೇ ಬೀದೀಲಿ, ಹಣೆಗೆ ಇಡೋಳು. ನಂಗೂ ಮದುವೆಯಾಗಿ ಮಕ್ಕಳಾದ್ಮೇಲೂ ಇಡೋಳು..."

ನಾನು ಕೇಳುತ್ತ ಕೂತುಬಿಟ್ಟೆ. ಒರಳುಕಲ್ಲು ಹತ್ತಲು ಒದ್ದಾಡುವ ತಂಗಿಯನ್ನು ಅವ್ವ ನಿಂತು ನೋಡಿ ನಕ್ಕಿದ್ದು, ಹುಣಸೆ ಮರದಿಂದ ಬಿದ್ದು ಮೊಣಕಾಲು ತರಚಿಕೊಂಡದ್ದು, ಮದುವೆಗೆ ಮುಂಚೆ ಅಪ್ಪನನ್ನು ಜೋಳದ ಹೊಲದ ಮರೆಯಿಂದ ನೋಡಿ "ಕಿವಿ ದೊಡ್ಡವು" ಎಂದಿದ್ದು. ಇದೊಂದೂ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಅವ್ವ ಹುಟ್ಟಿದಾಗಲೇ ಅವ್ವನಾಗಿದ್ದವಳು. ಇನ್ನೊಂದು ಹೇಳು ಚಿಕ್ಕಮ್ಮ, ಮತ್ತೊಂದು ಹೇಳು ಎಂದು ನಾನೇ ಕೇಳಿದೆ. ಸಾರು ಕುದಿದು ಇಳಿಯಿತು, ಅನ್ನ ಆಯಿತು. ಎರಡು ನಿಮಿಷ ಎಂದುಕೊಂಡದ್ದು ಒಂದು ಗಂಟೆ ಮೀರಿತು. ಅವ್ವನನ್ನು ಅಷ್ಟು ಹತ್ತಿರದಿಂದ ಕಂಡ ಆ ಒಂದು ಗಂಟೆಯುದ್ದಕ್ಕೂ ನನ್ನ ಬೆನ್ನ ಹಿಂದೆ ಅವಳ ಕಾಸು ಕರಗುತ್ತಿತ್ತು.

ನೀರು ಸೊಪ್ಪು ರುಬ್ಬಿದಂತೆ ಆಗಿತ್ತು. ವೈರು ಎತ್ತಿದೆ. ಕಾಸು ಬಂತು, ಆದರೆ ಎಲೆಯಷ್ಟು ತೆಳ್ಳಗೆ. ಅದರ ಮೇಲಿದ್ದ ಕಿರೀಟ, ಅಕ್ಷರ ಒಂದೂ ಇಲ್ಲ. ಅಂಚು ಇಲಿ ಕಡಿದ ರೊಟ್ಟಿ. ಬಟಾಣಿಯಷ್ಟಿದ್ದ ತೂತು ಅವರೆಕಾಳಿನಷ್ಟಾಗಿ, ಒಂದು ಪಕ್ಕಕ್ಕೆ ಜಾರಿದಂತೆ ಸೊಟ್ಟಗಾಗಿತ್ತು. ಪ್ಲಸ್ಸಿಗೆ ಕಟ್ಟಿದ ಲೋಹ ಕರಗಿ ಮೈನಸ್ಸಿನ ಕಡೆಗೆ ಹೋಗುತ್ತದೆ. ಹತ್ತನೇ ತರಗತಿಯ ಪಾಠ. ಎರಡು ಅಂಕದ ಪ್ರಶ್ನೆ.

ಚಿಕ್ಕಮ್ಮ ಕಾಸನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾನು ಕೆಂಪ್ದಕ್ಕೆ ಕಟ್ಟು ಅಂದಿದ್ಕೆ ಹಿಂಗಾಯ್ತೇನೋ?" ಎಂದಳು.

"ಇಲ್ಲ ಚಿಕ್ಕಮ್ಮ" ಎಂದೆ. "ಕೆಂಪಾದ್ರೇನು, ಕಪ್ಪಾದ್ರೇನು, ಕರೆಂಟಿಗೆ ಎರಡೂ ಒಂದೇ. ಉಪ್ಪು ಜಾಸ್ತಿ ಆಯ್ತು."

ಮೂವತ್ತು ವರ್ಷದ ಸೇವೆಯಲ್ಲಿ ವಿಜ್ಞಾನಕ್ಕೆ ನಾನು ಮಾಡಿದ ಅತಿ ದೊಡ್ಡ ದ್ರೋಹ ಅದು. ಚಿಕ್ಕಮ್ಮನ ಮುಖ ಸಡಿಲಾಯಿತು. "ಅದಕ್ಕೇ ಹೇಳೋದು, ಅಡಿಗೆಮನೆಗೆ ಗಂಡಸ್ರು ಬರಬಾರ್ದು. ಉಪ್ಪಿನ ಹದ ಗೊತ್ತಾಗಲ್ಲ" ಎಂದು ಮತ್ತೆ ಸೊಪ್ಪಿನ ಮುಂದೆ ಕೂತಳು.

ಸುಶೀಲಳ ಕಷ್ಟ ಬೇರೆಯೇ. ಅವಳ ಚಮಚದ ಬಾಯಿಗೆ ಕೆಂಪಗೆ, ಇಟ್ಟಿಗೆ ಪುಡಿ ಮೆತ್ತಿದ ಹಾಗೆ, ಏನೋ ಹತ್ತಿತ್ತು. ಅದೇನು ಎಂದಳು. ಕಾಸಿನದೇ ತಾಮ್ರ, ಅಲ್ಲಿಂದ ಕರಗಿ ಇಲ್ಲಿ ಬಂದು ಕೂತಿದೆ ಎಂದೆ. ಅವಳು ಚಮಚ ಹಿಡಿದುಕೊಂಡು ನಿಂತೇ ಇದ್ದಳು. "ಹಂಗಾದ್ರೆ ಅತ್ತೆ ಕಾಸು ಅರ್ಧ ಇದ್ರಲ್ಲಿದೆ. ಇದರಲ್ಲಿ ಇನ್ನು ಸಾರು ಬಡಿಸೋದ್ ಹೆಂಗ್ರೀ? ಎಸೆಯೋದಾದ್ರೂ ಹೆಂಗೆ?" ಆಮೇಲೆ ಚಮಚವನ್ನು ಒಯ್ದು ದೇವರಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟಳು. ಈಗಲೂ ಅಲ್ಲೇ ಇದೆ. ಮನೆಗೆ ಬಂದವರು ಯಾವ ದೇವರ ಆರಾಧನೆಗೆ ಚಮಚ ಎಂದು ಕೇಳಲು ಸಂಕೋಚಪಡುತ್ತಾರೆ. ಅವ್ವನ ಕಡೆಯಿಂದ ನನ್ನ ಪಾಲಿಗೆ ಏನೂ ಬಂದಿಲ್ಲ ಎಂದು ಇನ್ನು ನಾನು ಹೇಳುವ ಹಾಗಿಲ್ಲ.

ಹಾಳೆ ಮತ್ತು ಪೆನ್ಸಿಲನ್ನು ಬೀರುವಿನಲ್ಲಿ ಇಟ್ಟುಬಿಟ್ಟೆ. ಬರೆಯಲು ಇನ್ನು ಅಳತೆ ಇರಲಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಅಕ್ಕ ಬಂದಳು. ಎರಡು ವಾರ ಫೋನಿನಲ್ಲಿ "ಆಗ್ತಿದೆ, ಆಗ್ತಿದೆ" ಎಂದು ತಳ್ಳಿದ್ದವನು, ಅವಳು ಚಪ್ಪಲಿ ಬಿಡುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಕೆಂಪು ವೈರಿನ ವಿಷಯ ಮಾತ್ರ ಬಿಟ್ಟು. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಅಂಗೈಯಲ್ಲಿ ಕಾಸು ಹಾಕಿಸಿಕೊಂಡು, "ಕನ್ನಡಿ ಕೊಡೇ ಸುಶೀಲ" ಎಂದಳು. ನಡುಮನೆಯ ಕಿಟಕಿಯ ಹತ್ತಿರ ಕೂತು, ಹಣೆಯ ಸ್ಟಿಕ್ಕರು ಕಿತ್ತು ಕನ್ನಡಿಗೆ ಅಂಟಿಸಿ, ಚೂರು ಮೇಣ ಹಚ್ಚಿದಳು, ಕಾಸು ಒತ್ತಿದಳು, ಕುಂಕುಮ ತುಂಬಿದಳು, ಕಾಸು ಎತ್ತಿದಳು. ನಾನು ನೆಲ ನೋಡುತ್ತಿದ್ದೆ.

ಬಹಳ ಹೊತ್ತು ಅವಳು ಕನ್ನಡಿ ಇಳಿಸಲಿಲ್ಲ. ಕೊನೆಗೆ, "ಲೋ, ಇಲ್ನೋಡು" ಎಂದಳು.

ನೋಡಿದೆ. ಅವರೆಕಾಳಿನಷ್ಟು ಬೊಟ್ಟು, ಎಡಹುಬ್ಬಿನ ಕಡೆಗೆ ಸ್ವಲ್ಪ ಇಳಿದಿತ್ತು.

"ಅವ್ವ ಬೆಳಗ್ಗೆ ಇಟ್ಕೊಂಡಾಗ ದುಂಡಗಿರ್ತಿತ್ತು, ಅದು ಸರಿ" ಎಂದಳು ಅಕ್ಕ. "ನೀನು ಯಾವತ್ತು ಅಷ್ಟೊತ್ತಿಗೆ ಎದ್ದಿದ್ದೆ ನೋಡಾಕೆ? ನಾವು ಸ್ಕೂಲಿಂದ ಊಟಕ್ಕೆ ಬರೋ ಹೊತ್ಗೆ ಹೆಂಗಿರ್ತಿತ್ತು ಹೇಳು. ಒಲೆ ಮುಂದೆ ಬೆವತು ಬೆವತು, ಕೈಯಲ್ಲಿ ಹಿಂಗ್ ಒರೆಸ್ಕೊಂಡು."

ಅವಳು ಮಣಿಕಟ್ಟಿನಿಂದ ಹಣೆ ಒರೆಸುವ ಹಾಗೆ ಮಾಡಿ ತೋರಿಸಿದಳು. ಬಲಗೈ, ಬಲದಿಂದ ಎಡಕ್ಕೆ. ನಾನು ಎದ್ದು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತೆ. ಈಗಾಗಲೇ ಉಜ್ಜಿ ಹೊಳೆಸಿದ್ದ ನಲ್ಲಿ, ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

ಒಳಗೆ ಬಂದಾಗ ಅಕ್ಕ, "ಕೂತ್ಕೋ" ಎಂದಳು. ಪರೀಕ್ಷೆಯ ದಿನ ಅವ್ವ ಹೊಸಿಲ ಒಳಗೆ ನಿಲ್ಲಿಸಿ ನಮ್ಮಿಬ್ಬರಿಗೂ ಇದೇ ಕಾಸಿನಿಂದ ಬೊಟ್ಟು ಇಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನ ಹಣೆಗೆ ಆ ಕಾಸು ತಾಗಿರಲಿಲ್ಲ. ಅಕ್ಕ ಒತ್ತಿದಾಗ ತಣ್ಣಗಿತ್ತು.

ಮಧ್ಯಾಹ್ನ ಅಕ್ಕನನ್ನು ಬಸ್ಸು ಹತ್ತಿಸಲು ಹೋದೆ. ಕಾಸು ಅವಳ ಸೊಂಟದಲ್ಲಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹೂವಿನಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ನನ್ನ ಹಣೆ ನೋಡಿ, "ಏನ್ ಸಾರ್, ಮನೇಲಿ ಏನಾದ್ರೂ ವಿಶೇಷಾನಾ?" ಎಂದ.

"ಪರೀಕ್ಷೆ ಇತ್ತು ಕಣಪ್ಪಾ" ಎಂದಳು ಅಕ್ಕ. "ನಿಮ್ ಮೇಷ್ಟ್ರು ಫೇಲಾದ್ರು."

ಬಸ್ಸು ಬಂತು. ಅಕ್ಕನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಿಸಿಲು ಬಿದ್ದ ಅವಳ ಹಣೆ ತಿರುವಿನವರೆಗೂ ಕಾಣುತ್ತಿತ್ತು. ನಾನು ನಡೆದುಕೊಂಡೇ ಮನೆಗೆ ಬಂದು ಜಗಲಿಯ ಮೇಲೆ ಕೂತೆ.

"ಬೆವತು ಹೋಗಿದ್ದೀರಾ, ಮುಖ ತೊಳ್ಕೊಂಡು ಬನ್ನಿ, ಕಾಫಿ ಕೊಡ್ತೀನಿ" ಎಂದಳು ಸುಶೀಲ.

"ಇರಲಿ ಬಿಡು, ಆಮೇಲೆ ತೊಳೀತೀನಿ" ಎಂದೆ.